ಎರಡು ಚುಕ್ಕೆಯ ಸೀಸೆ

ಆ ಕಾಲದ ಆದೋನಿಯಲ್ಲಿ ಅಕ್ಷರ ಬಾರದವರೂ ತಡವರಿಸದೆ ಓದುತ್ತಿದ್ದ ಬರಹವೆಂದರೆ ಗೋಣಿಯಲ್ಲಿ ಅದುಮಿ ಕಟ್ಟಿದ ಹತ್ತಿ ಬೇಲಿನ ಮೇಲಿನ ಗುರುತು. ಒಬ್ಬ ಸಾಹುಕಾರನದು ಆನೆ, ಇನ್ನೊಬ್ಬನದು ತಕ್ಕಡಿ, ಮತ್ತೊಬ್ಬನದು ಜೋಡಿ ಗಿಳಿ. ಗುರುತಿನ ಕೆಳಗೆ ಚುಕ್ಕೆ. ಒಂದು ಚುಕ್ಕೆಯಿದ್ದರೆ ಮೊದಲ ದರ್ಜೆಯ ಹತ್ತಿ, ಎರಡಿದ್ದರೆ ಎರಡನೆಯ ದರ್ಜೆ, ಮೂರಿದ್ದರೆ ಅದನ್ನು ಕೊಂಡವನ ಹಣೆಬರಹ. ಹಮಾಲರಿಗೆ, ಗಾಡಿ ಹೊಡೆಯುವವರಿಗೆ, ಬೀಜ ಬಿಡಿಸುವ ಜಿನ್ನಿನಲ್ಲಿ ಹತ್ತಿ ಆರಿಸುವ ಹೆಂಗಸರಿಗೆ ಇದು ಬಾಯಿಪಾಠವಾಗಿತ್ತು. ಈ ಗುರುತುಗಳನ್ನು ತಗಡಿನಲ್ಲಿ ಕತ್ತರಿಸಿ, ಬೇಲಿನ ಗೋಣಿಯ ಮೇಲೆ ಒತ್ತಿ ಹಿಡಿದು, ಕರಿ ಬಣ್ಣ ಬಳಿಯುವ ಕೆಲಸ ಭೀಮಲಿಂಗಪ್ಪನದು.

ಭೀಮಲಿಂಗಪ್ಪನ ಕೈ ಬಲು ನಯ. ಜಂಬ ಅದಕ್ಕಿಂತ ಒಂದು ತೂಕ ಹೆಚ್ಚು. ಸ್ಟೇಷನ್ನಿನ ಗೂಡ್ಸ್ ಷೆಡ್ಡಿನ ಮುಂದೆ ಹಾದುಹೋಗುವಾಗ ಹೆಜ್ಜೆ ನಿಧಾನ ಮಾಡಿ, ಒಟ್ಟಿದ್ದ ಬೇಲುಗಳ ಮೇಲಿನ ತನ್ನ ಗಿಳಿ, ತನ್ನ ಆನೆಗಳನ್ನು ನೋಡಿಕೊಂಡೇ ಮುಂದೆ ಹೋಗುತ್ತಿದ್ದ. ಅವನ ಹೆಂಡತಿ ಕೊಟ್ರಮ್ಮ, "ನೀನು ಹುಟ್ಟಿಸಿದ ಮಕ್ಕಳನ್ನೂ ಹಿಂಗ ಒಂದಿನ ನಿಂತು ನೋಡು" ಎಂದು ಕಾಡಿಸುತ್ತಿದ್ದಳು.

ಹತ್ತಿಯ ಧಾರಣೆ ನೆಲ ಕಚ್ಚಿದ ವರ್ಷಗಳಲ್ಲಿ ಆದೋನಿಯ ಸಾಹುಕಾರರು ಒಬ್ಬೊಬ್ಬರು ಒಂದೊಂದು ದಾರಿ ಹಿಡಿದರು. ಭೀಮಲಿಂಗಪ್ಪ ಬಹಳ ವರ್ಷ ದುಡಿದಿದ್ದ ಸಾಹುಕಾರ ಸಿದ್ದಬಸಪ್ಪ ಹಿಡಿದದ್ದು ಔಷಧದ ದಾರಿ. ಅದಕ್ಕೆ ಮೊದಲು ಮದ್ದು ಎಂದರೆ ಪೊಟ್ಟಣ. ಪಂಡಿತರು ಪುಡಿ ಕಟ್ಟಿ ಕೊಟ್ಟು, ಜೇನಿನಲ್ಲೋ ಬಿಸಿನೀರಿನಲ್ಲೋ ಹೇಗೆ ತೆಗೆದುಕೊಳ್ಳಬೇಕೆಂದು ನಾಲ್ಕು ಸಲ ಹೇಳಿ, ಕೇಳಿದವರಿಂದ ಒಂದು ಸಲ ಹೇಳಿಸಿಯೂ ಕಳಿಸುತ್ತಿದ್ದರು. ಈಗ ಬೊಂಬಾಯಿಯಿಂದ, ಮದ್ರಾಸಿನಿಂದ ಚಿತ್ರದ ಚೀಟಿ ಅಂಟಿಸಿದ ಸೀಸೆಗಳು ರೈಲಿನಲ್ಲಿ ಬಂದಿಳಿಯತೊಡಗಿದ್ದವು. ಒಳಗಿನ ಸರಕು ಅದೇ ಆದರೂ ಪೊಟ್ಟಣದ್ದು ಹಳ್ಳಿ ಮದ್ದು, ಸೀಸೆಯದ್ದು ಡಾಕ್ಟರ ಮದ್ದು ಎಂದು ಜನರ ಲೆಕ್ಕ. ಪಂಡಿತರ ಬಾಯಿ ಮಾಡುತ್ತಿದ್ದ ಕೆಲಸ ಅಂಗೈ ಅಗಲದ ಕಾಗದಕ್ಕೆ ಬಂತು. ಪೇಟೆಯಲ್ಲಿ ಹೊರಳುವ ಗಾಳಿಯನ್ನು ಸಿದ್ದಬಸಪ್ಪ ಎಲ್ಲರಿಗಿಂತ ಮೊದಲು ಮೂಸಿ ನೋಡುವ ಮನುಷ್ಯ. ಅಂಗಡಿಯ ಹಿಂದಿನ ಗೋದಾಮಿಗೆ ಸುಣ್ಣ ಬಳಿಸಿ ಒಲೆ ಹಾಕಿಸಿದ, ಕಂದು ಬಣ್ಣದ ಸೀಸೆ ತರಿಸಿದ, ಭೀಮಲಿಂಗಪ್ಪನನ್ನು ಬೇಲುಗಳಿಂದ ಎಬ್ಬಿಸಿ ಸೀಸೆಗಳ ನಡುವೆ ಕೂಡಿಸಿದ.

ಮಾಡುತ್ತಿದ್ದದ್ದು ಎರಡೇ ಸರಕು. ಒಂದು, ಮಕ್ಕಳ ಹೊಟ್ಟೆನೋವಿಗೆ ಓಮದ ಅರ್ಕ. ಇನ್ನೊಂದು, ಕುರಿಗಳ ಗೊರಸು ಕೊಳೆತರೆ ಹಚ್ಚುವ ಗೊರಸಿನ ನೀರು. ಅದು ಸುಡುವಂಥ ಖಾರ, ಬರಿಗೈಗೆ ತಾಗಿದರೆ ತೊಗಲು ಏಳುತ್ತಿತ್ತು. ನೊಣ ಕೂರದಿರಲೆಂದು ಅದಕ್ಕೂ ಓಮದ ಹೂವು ಕೂಡಿಸುತ್ತಿದ್ದರಿಂದ ಬಿರಡೆ ತೆಗೆದರೆ ಎರಡರದ್ದೂ ಒಂದೇ ವಾಸನೆ. ಎರಡೂ ಸೀಸೆಗಳ ಮೇಲೆ ಸಿದ್ದಬಸಪ್ಪನ ಹತ್ತಿಯ ಗುರುತೇ ಬಂತು: ಮೂರೆಲೆಯ ಬಿಲ್ವಪತ್ರಿ. ಒಂದು ಮನೆತನಕ್ಕೆ ಒಂದೇ ಗುರುತು, ಅದು ಹತ್ತಿ ಪೇಟೆಯ ಧರ್ಮ. ಚೀಟಿಯ ಕೆಳಗೆ ಅರ್ಕಕ್ಕೆ ಹಸಿರು ಪಟ್ಟಿ, ಗೊರಸಿನ ನೀರಿಗೆ ಕೆಂಪು ಪಟ್ಟಿ. ಕೌತಾಳಂನಿಂದ ಗೋನೆಗಂಡ್ಲದವರೆಗೆ ಜನ "ಹಸರು ಪತ್ರಿ ಕೊಡ್ರಿ, ಕೆಂಪು ಪತ್ರಿ ಕೊಡ್ರಿ" ಎಂದೇ ಕೇಳುತ್ತಿದ್ದರು. ಹೀಗೆ ಕೆಲವು ವರ್ಷ ಯಾರಿಗೂ ಏನೂ ಆಗದೆ ನಡೆಯಿತು.

ಆಮೇಲೆ ಯುದ್ಧ ಬಂತು. ಹೊಸ ಸೀಸೆ ನಿಂತು, ಹೋಟೆಲಿನವರು ಎಸೆದ ಸೀಸೆಗಳನ್ನು ತೊಳೆದು ತುಂಬುವ ಕಾಲ ಬಂತು. ಬಿರಡೆ ಹೋಗಿ ಬೆಂಡಿನ ತುಂಡು ಬಂತು. ಕೊನೆಗೆ ಬಣ್ಣದ ಮಸಿಯೂ ಹೋಯಿತು. ಒಂದು ಬೆಳಿಗ್ಗೆ ಸಿದ್ದಬಸಪ್ಪ ಪ್ರೆಸ್ಸಿನಿಂದ ಬಂದವನೇ ಗಾದಿಯ ಮೇಲೆ ಕುಸಿದು ಕೂತ.

"ಕೆಂಪು ಮಸಿ ಇಲ್ಲಂತ. ಹಸರೂ ಇಲ್ಲಂತ. ಖಾಲಿ ಕರೇದು ಒಂದ ಐತಂತ. ಚೀಟಿ ಇಲ್ಲದ ಸೀಸೆ ಯಾವ ನನ್ನ ಮಗ ಕೊಳ್ತಾನಪಾ, ಭೀಮಲಿಂಗಪ್ಪ?"

ಭೀಮಲಿಂಗಪ್ಪ ಹುಣಸೆಬೀಜದ ಅಂಟು ಕಲಸುತ್ತಿದ್ದವನು ತಲೆಯೆತ್ತಿ ನಕ್ಕ. "ಇದಕ್ಯಾಕ ಇಷ್ಟು ಚಿಂತಿ ಮಾಡ್ತೀರಿ ಸಾವ್ಕಾರ್ರೇ? ಪತ್ರಿ ಕೆಳಗ ಚುಕ್ಕಿ ಹಾಕಿದ್ರಾತು. ಅರ್ಕಕ್ಕ ಒಂದು, ಗೊರಸಿನ ನೀರಿಗೆ ಎರಡು. ಈ ಸೀಮ್ಯಾಗ ಚುಕ್ಕಿ ತಿಳೀದಾವ ಯಾವನದಾನ?"

"ಭಲೇ! ನಿನ್ನ ತಲಿ ಬರೋಬರ್ ಓಡತೈತಿ ನೋಡು," ಎಂದ ಸಿದ್ದಬಸಪ್ಪ. ಅಡಿಯಲ್ಲಿ ತೆಲುಗಿನಲ್ಲಿ, ಸಾಸಿವೆ ಕಾಳಿನಂಥ ಅಕ್ಷರಗಳಲ್ಲಿ, ಕುಡಿಯಬಾರದು ಎಂದು ಹಾಕಿಸಿದರು. ಆ ವಾರವೆಲ್ಲ ಭೀಮಲಿಂಗಪ್ಪ ತನ್ನ ಜಾಣತನವನ್ನು ತಾನೇ ಮೆಚ್ಚಿಕೊಂಡು ಓಡಾಡಿದ. ಅದನ್ನು ಕೊಟ್ರಮ್ಮನ ಮುಂದೆ ಎರಡು ಸಲ ಹೇಳಿದ.

ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ, ಒಂದು ಮಧ್ಯಾಹ್ನ, ಕಂಬಳಿ ಹೊದ್ದ ಎತ್ತರದ ಆಳೊಬ್ಬ ಅಂಗಡಿಗೆ ನುಗ್ಗಿದ. ಆಸ್ಪರಿಯ ಕಡೆಯ ಒಂದು ಹಳ್ಳಿಯ ಕುರಿಗಾರ ಉಚ್ಚೀರಪ್ಪ. ಬಟ್ಟೆಯಲ್ಲಿ ಸುತ್ತಿದ್ದ ಸೀಸೆಯನ್ನು ತೆಗೆದು ಗಾದಿಯ ಮುಂದೆ ಕುಕ್ಕಿದ.

"ನನ್ನ ಮಗಳ ಗಂಟಲ ಸುಟ್ಟೈತ್ರಿ! ದವಾಖಾನಿಯಾಗ ಬಿದ್ದಾಳ. ಏನು ತುಂಬಿ ಕೊಟ್ಟೀರಿ ಇದರಾಗ?"

ಸಿದ್ದಬಸಪ್ಪ ಸೀಸೆ ತಿರುಗಿಸಿ ನೋಡಿದ. ಗೊರಸಿನ ನೀರು. "ಇದು ಕುರಿಗೆ ಹಚ್ಚೋದೋ ಮಾರಾಯಾ! ಕೂಸಿಗೆ ಯಾಕ ಕುಡಿಸಿದ್ರಿ?"

ಉಚ್ಚೀರಪ್ಪನ ಸಿಟ್ಟು ಅರ್ಧಕ್ಕೆ ನಿಂತು, ಮಾತು ತೊದಲಿತು. ತಾನು ಕುರಿಗೆಂದು ತಂದು ಅಟ್ಟದ ಮೇಲೆ ಇಟ್ಟಿದ್ದ. ತಾನು ಅಡವಿಗೆ ಹೋದಾಗ ಮಗಳು ಸುಂಕಮ್ಮ ಹೊಟ್ಟೆನೋವೆಂದು ಹೊರಳಾಡಿದಳು. ಮನೆಯಲ್ಲಿ ಅರ್ಕ ಮುಗಿದಿತ್ತು. ಹೆಂಡತಿ ಗಾದಿಲಿಂಗಮ್ಮ ಅಟ್ಟದ ಮೇಲಿನ ಸೀಸೆ ನೋಡಿದಳು.

"ಆಕಿ ಸುಗ್ಗ್ಯಾಗ ನಿಮ್ಮೂರ ಜಿನ್ನಿಗೆ ಬಂದು ಹತ್ತಿ ಆರಿಸ್ಯಾಳ್ರಿ. ಅದ ಪತ್ರಿ, ಅದ ವಾಸನಿ, ಎರಡು ಚುಕ್ಕಿ ಐತಿ, ಎರಡನೇ ದರ್ಜೆ ಅರ್ಕ ಅಂತ ತಿಳದಾಳ. ಶಕ್ತಿ ಕಮ್ಮಿ ಇರ್ತೈತಿ ಅಂತ ಹೇಳಿ ಒಂದು ಚಮಚಿ ಹೆಚ್ಚಿಗಿ ಹಾಕ್ಯಾಳ."

ಮೂಲೆಯಲ್ಲಿ ಚೀಟಿಗೆ ಅಂಟು ಸವರುತ್ತಿದ್ದ ಭೀಮಲಿಂಗಪ್ಪನ ಕೈ ನಿಂತುಹೋಯಿತು. ಅವನಿಗೆ ಒಂದೇ ಏಟಿಗೆ ಎಲ್ಲ ತಿಳಿಯಿತು. ಆ ಹೆಂಗಸು ತಪ್ಪು ಓದಿರಲಿಲ್ಲ. ಆಕೆ ಓದಿದ್ದೇ ಸರಿ. ಚುಕ್ಕೆ ಎಂದರೆ ಒಂದೇ ಸರಕಿನ ಮೇಲು ಕೀಳು, ಬೇರೆ ಸರಕಲ್ಲ. ಅದನ್ನು ತನ್ನಷ್ಟು ಚೆನ್ನಾಗಿ ಬಲ್ಲವನು ಆದೋನಿಯಲ್ಲಿ ಇನ್ನೊಬ್ಬನಿರಲಿಲ್ಲ. ಆದರೂ ವಿಷದ ಮೇಲೆ ಎರಡನೆಯ ದರ್ಜೆಯೆಂದು ಬರೆದು ಪೇಟೆಗೆ ಬಿಟ್ಟವನು ತಾನೇ.

ಸಿದ್ದಬಸಪ್ಪನಿಗೂ ಅಷ್ಟೋ ಇಷ್ಟೋ ಹೊಳೆದಿರಬೇಕು. ಆದರೆ ಅವನು ವ್ಯಾಪಾರಿ, ಗದ್ದಲವಾಗುವ ಮೊದಲೇ ಮುಗಿಸುವ ಜಾತಿ. "ಇಲ್ಲಿ ನೋಡಪಾ, ಕುಡೀಬಾರದು ಅಂತ ತೆಲುಗಿನಾಗ ಬರದೈತಿ. ನಿನ್ನ ಹೇಂತಿಗೆ ಓದಾಕ ಬರದಿದ್ರ ನಾವೇನು ಮಾಡೋಣು? ಚುಕ್ಕಿ ಸೈತ ಬ್ಯಾರೆ ಹಾಕೀವಿ. ಹೌದಿಲ್ಲೋ ಭೀಮಲಿಂಗಪ್ಪ? ಚುಕ್ಕಿ ಬ್ಯಾರೆ ಬ್ಯಾರೆ ಅದಾವಿಲ್ಲ?"

ಇಬ್ಬರೂ ಅವನ ಕಡೆ ನೋಡಿದರು. ಭೀಮಲಿಂಗಪ್ಪ ಅಂಟು ಮೆತ್ತಿದ ಬೆರಳುಗಳನ್ನು ನೋಡುತ್ತ ಹೇಳಿದ: "ಬ್ಯಾರೆ ಅದಾವ್ರಿ."

ಅಷ್ಟು ಸಾಕಾಯಿತು. ಉಚ್ಚೀರಪ್ಪ ಕಂಬಳಿಯ ತುದಿಯಿಂದ ಮುಖ ಒರೆಸಿಕೊಂಡ. "ಹಂಗಾದ್ರ ನನ್ನ ಹೇಂತೀದ ತಪ್ಪು," ಎಂದು ತನಗೆ ತಾನೇ ಹೇಳಿಕೊಂಡು ಹೊರಟುಹೋದ. ಸಿದ್ದಬಸಪ್ಪ ಆ ಸೀಸೆಯನ್ನು ಚರಂಡಿಗೆ ಸುರಿಸಿ, ಚಹ ತರಿಸಿದ. ಭೀಮಲಿಂಗಪ್ಪ ಆ ಚಹ ಕುಡಿದ. ಅದನ್ನು ಕುಡಿದದ್ದು ಬಹಳ ದಿನ ಅವನ ನೆನಪಿನಲ್ಲಿ ಕೂತು ಕಚ್ಚಿತು.

ಮಗು ಉಳಿಯಿತು ಎಂದು ಆಸ್ಪರಿ ಸಂತೆಗೆ ಹೋಗಿಬಂದವರು ಹೇಳಿದರು. ಭೀಮಲಿಂಗಪ್ಪ ಗುಡಿಗೆ ಹೋಗಿ ಕಾಯಿ ಒಡೆಸಿದ. ಪಾಪಕ್ಕೆ ಕಾಯಿ ಒಡೆದು ಕೈ ತೊಳೆದುಕೊಳ್ಳುವುದು ಮನುಷ್ಯರೆಲ್ಲ ಮಾಡುವ ಕೆಲಸ, ಅವನೊಬ್ಬನನ್ನೇ ಆಡಿಕೊಳ್ಳುವಂತಿಲ್ಲ. ಕೆಲವು ದಿನ ಎದೆ ಹಗುರವೂ ಆಯಿತು. ಆಮೇಲೆ ಒಂದು ದಿನ ಕೊಟ್ರಮ್ಮ ರೊಟ್ಟಿ ಬಡಿಯುತ್ತ ಬಾವಿಕಟ್ಟೆಯ ಸುದ್ದಿ ಹೇಳಿದಳು.

"ಆಸ್ಪರಿ ಕಡೆ ಒಬ್ಬಾಕಿ ಮಗಳಿಗೆ ಕುರಿ ಔಷಧ ಕುಡಿಸಿದ್ಲಂತಲ್ಲ, ಆಕೀನ ಒಲಿ ಮುಂದಿಂದ ಎಬ್ಬಿಸಿಬಿಟ್ಟಾರಂತ. ಆಕಿ ಕೈಯಾಗಿಂದ ಮನ್ಯಾಗ ಯಾರೂ ಒಂದು ತುತ್ತು ಉಣ್ಣಂಗಿಲ್ಲಂತ. ಕೂಸಿಗೂ ಅತ್ತಿನ ಉಣಿಸ್ತಾಳಂತ. ಇದ್ದೂ ಸತ್ತಂಗ ನೋಡು, ಪಾಪ."

ಭೀಮಲಿಂಗಪ್ಪ ತಲೆಯೆತ್ತಿದ. ಎದುರಿಗೆ ಹೆಂಡತಿ ಬಿಸಿ ರೊಟ್ಟಿಯನ್ನು ತಟ್ಟೆಗೆ ಹಾಕಲು ಕೈ ಚಾಚಿದ್ದಳು. ಅಷ್ಟು ಸಣ್ಣ ಕೆಲಸ, ಅದನ್ನೇ ಒಬ್ಬಾಕೆಯಿಂದ ಕಿತ್ತುಕೊಂಡಿದ್ದರು. ಕಿತ್ತುಕೊಳ್ಳಲು ಸಾಕ್ಷಿ ಹೇಳಿದವನು ತಾನು. ಬಾಯಿಬಿಟ್ಟರೆ ಆಕೆಗೆ ಒಲೆ ತಿರುಗಿ ಸಿಗುತ್ತದೆ, ತನ್ನ ಕೆಲಸ ಹೋಗುತ್ತದೆ, ಪೇಟೆಯಲ್ಲಿ ತಲೆಯೆತ್ತಿ ನಡೆಯುವುದು ನಿಲ್ಲುತ್ತದೆ. ಇದರಲ್ಲಿ ತೂಗಿ ನೋಡುವಂಥದ್ದು ಏನಿತ್ತು ಎಂದು ನಾವು ಕೇಳಬಹುದು. ಅವನು ದಿನವೂ ತೂಗಿದ, ದಿನವೂ ತಕ್ಕಡಿ ತನ್ನ ಕಡೆಗೇ ವಾಲಿತು.

ಬಾಯಿಬಿಡುವ ಬದಲು ಅವನು ಚೀಟಿ ತಿದ್ದಿದ. ಹೊಸ ತಗಡು ಕತ್ತರಿಸಿ, ಗೊರಸಿನ ನೀರಿನ ಚೀಟಿಗೆ ಪತ್ರಿಯ ಬದಲು ಕುರಿಯ ಚಿತ್ರ ಮಾಡಿದ. ಕೊಂಬು, ಗೊರಸು, ಬಾಲ ಎಲ್ಲ ಸ್ಪಷ್ಟ. ಸೀಸೆಯ ಕೊರಳಿಗೆ ಒರಟು ಸೆಣಬಿನ ದಾರ ಕಟ್ಟಿದ, ಕತ್ತಲಲ್ಲೂ ಬೆರಳಿಗೆ ತಿಳಿಯಲಿ ಎಂದು. ಮನೆತನದ ಗುರುತು ಬಿಡಬೇಕೆಂದು ಸಿದ್ದಬಸಪ್ಪ ಮೊದಲು ಮುಖ ಗಂಟುಹಾಕಿದ. ಆದರೆ ಕುರಿ ಚಿತ್ರದ ಸೀಸೆ ಕುರಿಗಾರರಿಗೆ ಎಷ್ಟು ಹಿಡಿಸಿತೆಂದರೆ ದಾವಣಗೆರೆಯಿಂದಲೂ ಬೇಡಿಕೆ ಬಂತು. ಬೇರೆ ಅಂಗಡಿಯವರೂ ಎತ್ತು, ಎಮ್ಮೆ, ಕೋಳಿ ಚಿತ್ರ ಹಾಕತೊಡಗಿದರು. ಸಿದ್ದಬಸಪ್ಪ ನಾಲ್ಕು ಜನರ ಮುಂದೆ ಭೀಮಲಿಂಗಪ್ಪನ ಹೆಗಲು ತಟ್ಟಿ ಜರಿ ಅಂಚಿನ ರುಮಾಲು ಸುತ್ತಿದ. ಮಗುವಿನ ಗಂಟಲು ಸುಟ್ಟು ಕಲಿತ ಪಾಠಕ್ಕೆ ತಲೆಗೆ ರುಮಾಲು! ಮನೆಗೆ ಬಂದವನೇ ಅದನ್ನು ಟ್ರಂಕಿನ ತಳಕ್ಕೆ ತುರುಕಿದ.

ಒಂದು ಬೇಸಿಗೆ ಕಳೆದು ಇನ್ನೊಂದು ಬಂತು. ಒಂದು ದಿನ ಸಿದ್ದಬಸಪ್ಪ ಊಟಕ್ಕೆ ಹೋದ ಹೊತ್ತಿನಲ್ಲಿ ಹೆಂಗಸೊಬ್ಬಳು ಮಗುವಿನ ಕೈ ಹಿಡಿದು ಅಂಗಡಿಯ ಮೆಟ್ಟಿಲ ಬಳಿ ನಿಂತಳು. "ಗೊರಸಿನ ನೀರು ಒಂದು ಸೀಸೆ ಕೊಡ್ರಿ ಅಣ್ಣಾರ," ಎಂದಳು. ಹುಡುಗಿ ಏನೋ ಕೇಳಿತು. ಆ ಧ್ವನಿ ತಗಡಿನ ಮೇಲೆ ಮರಳು ಎಳೆದಂತಿತ್ತು. ಭೀಮಲಿಂಗಪ್ಪನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಆದರೂ ಕೇಳಿದ, "ಯಾವೂರವ್ವ?"

ಆಸ್ಪರಿ ಹತ್ತಿರದ ಆ ಹಳ್ಳಿಯ ಹೆಸರನ್ನೇ ಹೇಳಿದಳು. ಉಚ್ಚೀರಪ್ಪನ ಮನೆಯವಳು, ಮಗುವಿನ ಗಂಟಲು ತೋರಿಸಲು ದವಾಖಾನೆಗೆ ಬಂದಿದ್ದಳು, ಬರುವಾಗ ಗಂಡ ಕುರಿಗೆ ಔಷಧ ತರಲು ಹೇಳಿದ್ದ. ಕುರಿಯ ಕಾಲಿನ ಮದ್ದು ತರಲು ಆಕೆಯ ಕೈ ಆಗುತ್ತಿತ್ತು, ಮಗಳ ಬಾಯಿಗೆ ತುತ್ತಿಡಲು ಮಾತ್ರ ಆಗುತ್ತಿರಲಿಲ್ಲ.

ಗಾದಿಲಿಂಗಮ್ಮ ಸೀಸೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕುರಿಯ ಚಿತ್ರ ನೋಡಿದಳು. ಕೊರಳಿನ ದಾರವನ್ನು ಹೆಬ್ಬೆರಳಿನಿಂದ ಸವರಿದಳು. "ಇದು ಮೊದಲ ಇರಲಿಲ್ಲಲ್ರೀ? ಯಾಕ ಬದಲಿ ಮಾಡೀರಿ?" ಕೇಳಿದ್ದರಲ್ಲಿ ಆಕ್ಷೇಪಣೆ ಇರಲಿಲ್ಲ, ಸುಮ್ಮನೆ ತಿಳಿಯಬೇಕೆಂಬ ಆಸೆಯಿತ್ತು.

ಅಂಗಡಿಯಲ್ಲಿ ಇನ್ನಾರೂ ಇರಲಿಲ್ಲ. ದೇವರು ಬಾಗಿಲು ತೆರೆದು ಹಿಡಿದುಕೊಂಡು ನಿಂತ ಹಾಗಿತ್ತು. ಭೀಮಲಿಂಗಪ್ಪ ಹೇಳಿದ: "ಈಗ ಪೇಟಿ ರೂಢಿನ ಹಂಗ ಐತವ್ವ. ಚಿತ್ರ ಇದ್ರ ಚಂದ ಕಾಣತೈತಿ."

"ಹೌದ್ರಿ, ಚಂದ ಐತಿ," ಎಂದಳು ಆಕೆ. ಸೀಸೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು, ಮಗುವನ್ನು ಎತ್ತಿಕೊಂಡು ಬಿಸಿಲಿಗಿಳಿದಳು.

ಅವತ್ತು ಸಂಜೆ ಭೀಮಲಿಂಗಪ್ಪ ಹೆಂಡತಿಯ ಮುಂದೆ ಕೂತು ಎಲ್ಲ ಹೇಳಿದ. ಚುಕ್ಕೆ, ಸಾಕ್ಷಿ, ಚಹ, ರುಮಾಲು, ಮಧ್ಯಾಹ್ನದ ಸುಳ್ಳು, ಯಾವುದನ್ನೂ ಬಿಡಲಿಲ್ಲ. ಬೈಯಲಿ ಎಂದು ಕಾದ. ಕೊಟ್ರಮ್ಮ ಬೈಯಲಿಲ್ಲ.

"ನನ್ನ ಮುಂದ ಹೇಳಿದ್ರ ಆಕಿಗೇನು ಬಂತು?" ಎಂದಳು. "ನಾಳಿ ರೈಲಿಗೆ ಹೋಗು."

ಮರುದಿನ ಆಸ್ಪರಿಯಲ್ಲಿ ಇಳಿದು, ಎರೆಮಣ್ಣಿನ ಹೊಲಗಳ ಬದುವಿನ ಮೇಲೆ ನಡೆದು, ಊಟದ ಹೊತ್ತಿಗೆ ಆ ಮನೆ ಮುಟ್ಟಿದ. ಉಚ್ಚೀರಪ್ಪ ಕಟ್ಟೆಯ ಮೇಲೆ ಉಣ್ಣೆ ಬಿಡಿಸುತ್ತಿದ್ದ. ಅವನ ತಾಯಿ ಲಿಂಗಕ್ಕ ಹೊಸ್ತಿಲ ಬಳಿ ಕಾಲು ಚಾಚಿ ಕೂತಿದ್ದಳು. ಗಾದಿಲಿಂಗಮ್ಮ ಅಂಗಳದ ಆಚೆ ಕೊಟ್ಟಿಗೆಯ ಕಸ ಬಳಿಯುತ್ತಿದ್ದಳು. ಭೀಮಲಿಂಗಪ್ಪ ಕೂರಲಿಲ್ಲ, ನೀರು ಬೇಡವೆಂದ. ನಿಂತೇ, ಎಲ್ಲರಿಗೂ ಕೇಳಿಸುವಂತೆ ಹೇಳಿದ.

"ನಾನು ಆದೋನಿ ಅಂಗಡ್ಯಾವ. ಸೀಸೆ ಮ್ಯಾಲ ಎರಡು ಚುಕ್ಕಿ ಹಾಕಿದಾವ ನಾನ. ಹತ್ತಿ ಪೇಟ್ಯಾಗ ಎರಡು ಚುಕ್ಕಿ ಅಂದ್ರ ಅದ ಸರಕು, ಎರಡನೇ ದರ್ಜೆ. ನಿಮ್ಮ ಸೊಸಿ ಬರೋಬರ್ ಓದ್ಯಾಳ. ತಪ್ಪು ಬರದಾವ ನಾನು. ಅವತ್ತು ಉಚ್ಚೀರಪ್ಪ ಅಂಗಡಿಗೆ ಬಂದಾಗ ನಂಗ ತಿಳದಿತ್ತು, ಹೇಳಲಿಲ್ಲ. ಆಕಿದೇನೂ ತಪ್ಪಿಲ್ಲ. ಇದನ್ನು ಹೇಳಾಕ ಬಂದೀನಿ."

ಉಚ್ಚೀರಪ್ಪ ಎದ್ದು ಕೋಲಿಗೆ ಕೈಹಾಕಿದ. "ಕೂಡ್ರೋ!" ಎಂದಳು ಲಿಂಗಕ್ಕ. ಸೊಸೆಯನ್ನು ಒಲೆಯ ಮುಂದಿನಿಂದ ಎಬ್ಬಿಸಿದ್ದು ಆಕೆಯೇ. "ಒಬ್ರೂ ಒಂದು ಮಾತು ಬಾಯಿಬಿಡಲಿಲ್ಲಲ್ಲೋ," ಎಂದಳು, ಯಾರಿಗೆ ಎಂದು ತಿಳಿಯದ ಹಾಗೆ.

ಗಾದಿಲಿಂಗಮ್ಮ ಕಸಬರಿಗೆ ಕೆಳಗಿಟ್ಟು ಬಂದು ಅಂಗಳದ ನಡುವೆ ನಿಂತಳು. ಆಕೆ ಅಳುತ್ತಾಳೆ, ಶಾಪ ಹಾಕುತ್ತಾಳೆ, ಮಣ್ಣು ತೂರುತ್ತಾಳೆ ಎಂದು ಭೀಮಲಿಂಗಪ್ಪ ದಾರಿಯುದ್ದಕ್ಕೂ ಎಣಿಸಿಕೊಂಡು ಬಂದಿದ್ದ. ಆಕೆ ಕೇಳಿದ್ದು ಒಂದೇ.

"ನಿನ್ನಿ ನಾನು ಅಂಗಡಿಗೆ ಬಂದಿದ್ದೆ. ಕುರಿ ಚಿತ್ರ ಯಾಕ ಅಂತ ಕೇಳಿದೆ. ಅವಾಗ ನಾನು ಯಾರಂತ ನಿಮಗ ಗೊತ್ತಿತ್ತೇನು?"

"ಗೊತ್ತಿತ್ತು ತಾಯಿ."

ಆಕೆ ತಲೆಯಾಡಿಸಿದಳು. ಅಷ್ಟೇ. ಲಿಂಗಕ್ಕ ಗೋಡೆ ಹಿಡಿದು ಎದ್ದು ಬಂದು, ಸೊಸೆಯ ಕೈಯನ್ನು ತಾನೇ ಹಿಡಿದಳು. "ಒಳಗ ಬಾರವ್ವ ಗಾದಿಲಿಂಗಿ. ಕೈ ತೊಳಕೊ. ಇವತ್ತು ನೀನ ನೀಡು." ಆಮೇಲೆ ಮಗನ ಕಡೆ ತಿರುಗಿ, "ಅವಂಗೂ ಉಣ್ಣಾಕ ಒಂದು ಗಂಗಾಳ ಇಡು. ಮನಿಗೆ ಬಂದಾನ," ಎಂದಳು.

ಭೀಮಲಿಂಗಪ್ಪ ಆ ಮನೆಯ ಪಡಸಾಲೆಯಲ್ಲಿ ಉಚ್ಚೀರಪ್ಪನ ಪಕ್ಕ ಕೂತ. ಎದುರಿಗೆ ಲಿಂಗಕ್ಕ, ಆಕೆಗೆ ಒತ್ತಿ ಸುಂಕಮ್ಮ. ಅವನ ಎದೆಯಲ್ಲಿ ಎರಡು ವರ್ಷದಿಂದ ಕೂತಿದ್ದ ಭಾರ ಅಲ್ಲಾಡಿತು. ಆಕೆಯ ಕೈಯಿಂದ ಒಂದು ರೊಟ್ಟಿ ಬಿದ್ದರೆ ಸಾಕು, ಅದನ್ನು ಕಣ್ಣಿಗೊತ್ತಿಕೊಂಡು ತಿನ್ನುತ್ತೇನೆ, ಅಲ್ಲಿಗೆ ಮುಗಿಯಿತು ಎಂದುಕೊಂಡ. ಕಣ್ಣು ತುಂಬಿಯೂ ಬಂತು.

ಗಾದಿಲಿಂಗಮ್ಮ ರೊಟ್ಟಿ ಬುಟ್ಟಿ ಹಿಡಿದು ಬಂದಳು. ಅತ್ತೆಗೆ ನೀಡಿದಳು, ಮುದುಕಿ ಕಣ್ಣೊರೆಸಿಕೊಂಡು ಮುರಿದಳು. ಗಂಡನಿಗೆ ನೀಡಿದಳು. ಮಗಳ ಮುಂದೆ ಕುಕ್ಕರಗಾಲಲ್ಲಿ ಕೂತು ನುಚ್ಚು ಕಲಸಿ, ಬೆರಳ ತುದಿಯಿಂದ ಬಾಯಿಗಿಟ್ಟಳು. ಹುಡುಗಿ ಒಂದು ಕ್ಷಣ ಅಜ್ಜಿಯ ಮುಖ ನೋಡಿ, ಆಮೇಲೆ ಬಾಯಿ ತೆರೆಯಿತು. ಇನ್ನೊಂದು ತುತ್ತಿಗೂ ತೆರೆಯಿತು. ಉಚ್ಚೀರಪ್ಪ ತಲೆ ಬಗ್ಗಿಸಿಕೊಂಡು ಉಂಡ.

ಆಮೇಲೆ ಆಕೆ ಬುಟ್ಟಿ ಎತ್ತಿಕೊಂಡು ಭೀಮಲಿಂಗಪ್ಪನ ಮುಂದೆ ಬಂದಳು. ಅವನು ಎರಡೂ ಕೈಯಿಂದ ಗಂಗಾಳವನ್ನು ಸ್ವಲ್ಪ ಮುಂದೆ ಸರಿಸಿದ. ಗಾದಿಲಿಂಗಮ್ಮ ಅವನನ್ನು ದಾಟಿ ಹೋಗಿ ಗಂಡನಿಗೆ ಎರಡನೆಯ ರೊಟ್ಟಿ ನೀಡಿದಳು. ತಿರುಗಿ ಬರುವಾಗಲೂ ದಾಟಿದಳು. ಮುಖದಲ್ಲಿ ಸಿಟ್ಟು ಇರಲಿಲ್ಲ. ಲಿಂಗಕ್ಕ ನೋಡಿದಳು, ನೀಡು ಎಂದು ಹೇಳಲಿಲ್ಲ.

ಪಂಕ್ತಿಯಿಂದ ನಡುವೆ ಏಳುವಂತಿಲ್ಲ. ಉಳಿದವರು ಉಂಡು ಮುಗಿಸುವ ತನಕ ಭೀಮಲಿಂಗಪ್ಪ ಬರಿ ಗಂಗಾಳದ ಮುಂದೆ ಕೂತಿದ್ದ. ಅನ್ಯಾಯವಾಯಿತು ಎಂದು ಅವನಿಗೆ ಅನ್ನಿಸಲಿಲ್ಲ, ಹೊಟ್ಟೆ ಮಾತ್ರ ಹಸಿದಿತ್ತು. ಎಲ್ಲರೂ ಎದ್ದಾಗ ಅವನೂ ಎದ್ದ. ಅಂಗಳದಲ್ಲಿ ಉಚ್ಚೀರಪ್ಪ ತಂಬಿಗೆ ಹಿಡಿದು ತಾಯಿಗೆ ನೀರು ಹಾಕಿದ, ಮಗಳಿಗೆ ಹಾಕಿದ, ಆಮೇಲೆ ಅವನ ಕಡೆ ತಿರುಗಿದ. ಭೀಮಲಿಂಗಪ್ಪ ಏನೂ ಮೆತ್ತದ ತನ್ನ ಕೈಯನ್ನು ಮುಂದೆ ಚಾಚಿ, ತೊಳೆದುಕೊಂಡ.